ಕಾಣದ ಬಿಗಿತದ ಮೇಲೆ ನಿಂತ ಸೇತುವೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ರಾತ್ರಿ ಬೆಂಗಳೂರಿಗೆ ಹೊರಡುವ ಬಸ್ಸು ಬೆಳಗಿನ ಜಾವ ನೆಲಮಂಗಲ ದಾಟಿದ ಮೇಲೆ ಪೀಣ್ಯದ ಮೇಲ್ಸೇತುವೆ ಹತ್ತುತ್ತದೆ. 2021ರ ಡಿಸೆಂಬರ್ 25ರಂದು ಆ ಮೇಲ್ಸೇತುವೆಯ ಸಂಚಾರ ನಿಂತಿತು. ಅದು ಬಳಕೆಗೆ ಬಂದದ್ದು 2010ರಲ್ಲಿ. ಹನ್ನೆರಡು ವರ್ಷ ತುಂಬುವ ಮೊದಲೇ, ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ಕೇಬಲ್‌ಗಳಲ್ಲಿ ಕೆಲವು ತುಕ್ಕು ಹಿಡಿದಿದ್ದವು. ಕಾರು, ಬೈಕುಗಳಿಗೆ 2022ರ ಫೆಬ್ರುವರಿಯಲ್ಲಿ ದಾರಿ ತೆರೆಯಿತು. ಬಸ್ಸು, ಲಾರಿಗಳು ಮಾತ್ರ 2024ರ ಜುಲೈ ಕೊನೆಯವರೆಗೆ ಕೆಳಗಿನ ರಸ್ತೆಯಲ್ಲೇ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿದವು. ಆ ಎರಡೂವರೆ ವರ್ಷದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಪರಿಶೀಲನೆ ನಡೆಸಿದರು. 120 ಅಂಕಣಗಳಿಗೆ (ಅಂಕಣವೆಂದರೆ ಎರಡು ಕಂಬಗಳ ನಡುವಿನ ಭಾಗ) ತಲಾ ಎರಡರಂತೆ 240 ಹೊಸ ಕೇಬಲ್ ಹಾಕಿದರು. 2024ರ ಜನವರಿಯಲ್ಲಿ ಸಂಚಾರ ಪೂರ್ತಿ ನಿಲ್ಲಿಸಿ ಭಾರ ಹೊರಿಸಿ ಪರೀಕ್ಷೆ ಮಾಡಿದರು.

ನಮ್ಮ ಭಾಗದ ಪ್ರಯಾಣಿಕರು ಇದನ್ನು ಬೆಂಗಳೂರಿನ ಟ್ರಾಫಿಕ್ ಸುದ್ದಿಯೆಂದು ಓದಿ ಮರೆತಿದ್ದಾರೆ. ಆದರೆ ಅದೇ ಬಗೆಯ ಕಾಂಕ್ರೀಟು, ಅದೇ ಬಗೆಯ ಉಕ್ಕು ಇವತ್ತು ನಮ್ಮ ಹೊಳೆಗಳ ಮೇಲೂ ಏರುತ್ತಿದೆ. ಹೆದ್ದಾರಿ ಅಗಲವಾಗುವ ಕಡೆಗಳಲ್ಲಿ, ರೈಲು ಹಳಿ ಜೋಡಿಯಾಗುವ ಕಡೆಗಳಲ್ಲಿ, ರಸ್ತೆ ಬದಿಯ ಬಯಲಿನಲ್ಲಿ ಸಾಲಾಗಿ ಮಲಗಿರುವ ಉದ್ದುದ್ದ ಗರ್ಡರುಗಳನ್ನು ಯಾರು ನೋಡಿಲ್ಲ? ಅವುಗಳ ಬಲ ಇರುವುದು ಹೊರಗಿನಿಂದ ಕಾಣದ ಬಿಗಿತದಲ್ಲಿ. ಕಾಣದ್ದನ್ನು ಅಳೆದೇ ತಿಳಿಯಬೇಕು, ಅಳೆದದ್ದನ್ನು ಬರೆದಿಡಬೇಕು. ಈ ಲೇಖನ ಹೇಳಹೊರಟಿರುವುದು ಇಷ್ಟನ್ನೇ.

ಮೂರು ಹೊಳೆಗಳ ನಡುವೆ

ಈ ನಾಲ್ಕು ತಾಲ್ಲೂಕುಗಳ ಬದುಕು ಸೇತುವೆಗಳಿಗೆ ಅಂಟಿಕೊಂಡಿದೆ. ಉತ್ತರದಲ್ಲಿ ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ. ದಕ್ಷಿಣದಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣೆ. ನಡುವೆ ಡೋಣಿ. ಕೊಲ್ಹಾರ, ನಿಡಗುಂದಿ, ತಾಳಿಕೋಟೆ, ಚಡಚಣ, ದೇವರ ಹಿಪ್ಪರಗಿ, ಆಲಮೇಲ ಈಗ ಬೇರೆ ತಾಲ್ಲೂಕುಗಳಾಗಿದ್ದರೂ ಹೊಳೆ ದಾಟುವ ಕಷ್ಟ ಹಂಚಿಹೋಗಿಲ್ಲ.

ವಿಜಯಪುರ–ಹುಬ್ಬಳ್ಳಿ ದಾರಿಯಲ್ಲಿ ಕೊಲ್ಹಾರ ಮತ್ತು ಕೊರ್ತಿ ನಡುವೆ ಆಲಮಟ್ಟಿ ಹಿನ್ನೀರಿನ ಮೇಲೆ ಕಿಲೋಮೀಟರುಗಟ್ಟಲೆ ಹಾದಿರುವ ಸೇತುವೆ ಇಲ್ಲದಿದ್ದರೆ ಆ ಎರಡು ದಡಗಳ ಜನ ಬೇರೆ ಬೇರೆ ನಾಡಿನವರಾಗಿಬಿಡುತ್ತಿದ್ದರು. ಕಲಬುರಗಿ, ಜೇವರ್ಗಿಯಿಂದ ಸಿಂದಗಿ, ವಿಜಯಪುರ, ನಿಡಗುಂದಿ ಹಾದು ಹುನಗುಂದಕ್ಕೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಭೀಮೆ, ಕೃಷ್ಣೆ ಎರಡನ್ನೂ ದಾಟುತ್ತದೆ. ಇಂಡಿ ಭಾಗದಲ್ಲಿ ಗೋವಿಂದಪುರ–ಭಂಡಾರಕವಠೆ, ಹಿಳ್ಳಿ–ಗುಬ್ಬೇವಾಡದಂಥ ಬ್ಯಾರೇಜುಗಳ ಮೇಲೆಯೇ ಜನ ಮಹಾರಾಷ್ಟ್ರದ ಕಡೆಗೆ ಹೋಗಿಬರುತ್ತಾರೆ. ಉಜನಿ ಜಲಾಶಯದಿಂದ ನೀರು ಬಿಟ್ಟರೆ ಅವು ಮುಳುಗುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಇಂಡಿ, ಸಿಂದಗಿ ಎರಡೂ ತಾಲ್ಲೂಕುಗಳ ದಂಡೆಯ ಹಳ್ಳಿಗಳು ಅದನ್ನು ಮೈಮೇಲೆ ಅನುಭವಿಸಿವೆ. ಡೋಣಿಯ ಕತೆಯೂ ಬೇರೆಯಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ಜನವೇ, ಡೋಣಿ ಉಕ್ಕಿದ ದಿನ ತಾಳಿಕೋಟೆಯ ದಾರಿ ಯಾವಾಗ ತೆರೆಯುತ್ತದೆ ಎಂದು ದಂಡೆಯಲ್ಲಿ ಕಾಯುತ್ತಾರೆ.

ಈ ಸೇತುವೆಗಳ ಮೇಲೆ ಹೋಗುವ ಭಾರವೂ ಹಗುರಲ್ಲ. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಮರಗೂರಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯ ಕಡೆಗೆ ಹಗಲಿರುಳೂ ಸಾಗುತ್ತವೆ. ಬಸವನ ಬಾಗೇವಾಡಿ ಭಾಗದ ಕೂಡಗಿಯಲ್ಲಿ 2400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಗದಗ–ಹೊಟಗಿ ಹಳಿಯ ಮೇಲೆ ಕಲ್ಲಿದ್ದಲಿನ ರೈಲುಗಳು ಓಡಾಡುತ್ತವೆ. ಕೇಂದ್ರ ಸರ್ಕಾರ 2018ರಲ್ಲಿ ಲಾರಿಗಳ ಆ್ಯಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿತು. ದೊಡ್ಡ ಲಾರಿಗಳ ಒಟ್ಟು ತೂಕದ ಮಿತಿ 49ರಿಂದ 55 ಟನ್ನಿಗೆ ಏರಿತು. ಅದಕ್ಕಿಂತ ಹಿಂದೆ ಕಟ್ಟಿದ ಸೇತುವೆಗಳೂ ಅದೇ ಭಾರ ಹೊರಬೇಕು.

ಚಕ್ಕಡಿ ಗಾಲಿಯ ಹಳಿ

ಕಾಂಕ್ರೀಟು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಒತ್ತಿದಾಗ ಹೊರುವ ಬಲದ ಸುಮಾರು ಹತ್ತನೇ ಒಂದು ಪಾಲು ಬಲದಿಂದ ಎಳೆದರೂ ಸೀಳುತ್ತದೆ. ಎರಡು ಕಂಬಗಳ ಮೇಲೆ ಕೂತ ತೊಲೆಯ ಮೇಲೆ ಲಾರಿ ಬಂದಾಗ ತೊಲೆ ಕೆಳಕ್ಕೆ ಬಾಗುತ್ತದೆ. ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳ ಹಿಗ್ಗುತ್ತದೆ. ತಳದಲ್ಲಿ ಸರಳು ಹಾಕುವುದು ಇದಕ್ಕಾಗಿಯೇ. ಆದರೆ ಸಾಮಾನ್ಯ ಆರ್‌ಸಿಸಿ ತೊಲೆಯಲ್ಲಿ ಸರಳು ಪೂರ್ತಿ ಕೆಲಸಕ್ಕೆ ಇಳಿಯುವ ಹೊತ್ತಿಗೆ ತಳದ ಕಾಂಕ್ರೀಟು ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಅಂಕಣ ಉದ್ದವಾದಷ್ಟೂ ತೊಲೆ ತನ್ನ ತೂಕದಿಂದಲೇ ಬಳಲುತ್ತದೆ. ಅಂಕಣ ಚಿಕ್ಕದು ಮಾಡಿದರೆ ಹೊಳೆಯಲ್ಲಿ ಕಂಬಗಳು ಹೆಚ್ಚುತ್ತವೆ, ನೀರಿನ ಹರಿವಿಗೆ ತಡೆ, ಅಡಿಪಾಯಕ್ಕೆ ಖರ್ಚು.

ಈ ತೊಡಕಿಗೆ ಪರಿಹಾರವಾದ ಪ್ರಿಸ್ಟ್ರೆಸ್ಡ್, ಅಂದರೆ ಮೊದಲೇ ಬಿಗಿದ, ಕಾಂಕ್ರೀಟಿನ ಯುಕ್ತಿಯನ್ನು ನಮ್ಮ ಕಡೆಯ ರೈತರಿಗೆ ಹೊಸದಾಗಿ ಕಲಿಸಬೇಕಿಲ್ಲ. ಚಕ್ಕಡಿಯ ಗಾಲಿಗೆ ಹಳಿ ಏರಿಸುವುದನ್ನು ನೋಡಿದವರಿಗೆ ಅದು ಗೊತ್ತು. ಕಾಯಿಸಿ ಹಿಗ್ಗಿಸಿದ ಕಬ್ಬಿಣದ ಹಳಿಯನ್ನು ಗಾಲಿಗೆ ತೊಡಿಸಿ ನೀರು ಹಾಕಿದರೆ ಅದು ಕುಗ್ಗಿ, ಮರದ ತುಂಡುಗಳನ್ನೆಲ್ಲ ಒಂದಕ್ಕೊಂದು ಒತ್ತಿಹಿಡಿಯುತ್ತದೆ. ಗಾಲಿ ಕಲ್ಲಿನ ಮೇಲೆ ಬಡಿದರೂ ತುಂಡುಗಳು ಬಿಚ್ಚಿಕೊಳ್ಳುವುದಿಲ್ಲ. ಭಾರ ಬರುವ ಮೊದಲೇ ಒತ್ತಡ ಸಿದ್ಧವಾಗಿರುತ್ತದೆ. ಗರ್ಡರಿನ ತಳದಲ್ಲೂ ಹೀಗೆಯೇ: ಉಕ್ಕಿನ ಕೇಬಲನ್ನು ಎಳೆದು, ತುದಿಯಲ್ಲಿ ಕಚ್ಚಿಸಿ ಬಿಟ್ಟರೆ ಅದು ಕುಗ್ಗಲು ಹವಣಿಸಿ ಕಾಂಕ್ರೀಟನ್ನು ಒತ್ತುತ್ತದೆ. ಲಾರಿ ಬಂದಾಗ ತಳದಲ್ಲಿ ಹುಟ್ಟುವ ಎಳೆತ ಮೊದಲು ಆ ಒತ್ತಡವನ್ನು ಕರಗಿಸಬೇಕು. ಅದು ಕರಗುವತನಕ ಬಿರುಕಿಗೆ ಎಡೆಯೇ ಇಲ್ಲ.

ಯುಕ್ತಿ ಸರಳವಾಗಿದ್ದರೂ ಅದು ಕೈಗೂಡಲು ದಶಕಗಳೇ ಬೇಕಾದವು. 19ನೇ ಶತಮಾನದ ಕೊನೆಯಲ್ಲೇ ಅಮೆರಿಕ, ಜರ್ಮನಿಗಳಲ್ಲಿ ಇದನ್ನು ಪ್ರಯತ್ನಿಸಿದವರಿದ್ದರು. ಬಿಗಿದ ಉಕ್ಕು ಕಾಲ ಕಳೆದಂತೆ ಸಡಿಲಾಗುತ್ತಿತ್ತು. ಕಾರಣ ಒಂದು ಲೆಕ್ಕದಲ್ಲಿದೆ. 30 ಮೀಟರ್ ಉದ್ದದ ಸಾಮಾನ್ಯ ಮೆದು ಉಕ್ಕನ್ನು ಸುರಕ್ಷಿತ ಮಿತಿಯವರೆಗೆ ಎಳೆದರೆ ಅದು ಹಿಗ್ಗುವುದು ಸುಮಾರು 21 ಮಿಲಿಮೀಟರ್. ಅಷ್ಟೇ ಉದ್ದದ ಕಾಂಕ್ರೀಟು ಒಣಗುತ್ತ, ಒತ್ತಡಕ್ಕೆ ನಿಧಾನವಾಗಿ ಮಣಿಯುತ್ತ ಕೆಲವು ವರ್ಷಗಳಲ್ಲಿ 20ರಿಂದ 30 ಮಿಲಿಮೀಟರ್ ಕುಗ್ಗುತ್ತದೆ. ಹಿಗ್ಗಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಫ್ರೆಸಿನೆ ಕಾಂಕ್ರೀಟಿನ ಈ ಕುಗ್ಗುವಿಕೆಯನ್ನು ವರ್ಷಗಟ್ಟಲೆ ಗಮನಿಸಿದರು. ಬಹಳ ಗಟ್ಟಿಯಾದ, ಬಹಳ ಹಿಗ್ಗಿಸಬಲ್ಲ ಉಕ್ಕನ್ನೇ ಬಳಸಬೇಕೆಂದು ತೀರ್ಮಾನಿಸಿ 1928ರಲ್ಲಿ ಪೇಟೆಂಟ್ ಪಡೆದರು. ಇವತ್ತಿನ ಕೇಬಲ್ 30 ಮೀಟರಿಗೆ 200 ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಅದರಲ್ಲಿ 30 ಹೋದರೂ ಉಳಿದದ್ದು ಸೇತುವೆಯ ಆಯುಷ್ಯವಿಡೀ ಕೆಲಸ ಮಾಡುತ್ತದೆ.

ಮಾರ್ನ್ ನದಿಯ ಮೇಲೆ ಫ್ರೆಸಿನೆ ಕಟ್ಟಿದ ಲೂಜಾನ್ಸಿ ಸೇತುವೆ 1946ರಲ್ಲಿ 55 ಮೀಟರನ್ನು ಒಂದೇ ಹರವಿನಲ್ಲಿ ದಾಟಿತು. 1950ರ ದಶಕದಲ್ಲೇ ನಮ್ಮ ದೇಶದಲ್ಲೂ, ಚೆಂಗಲ್ಪಟ್ಟು ಬಳಿ ಪಾಲಾರ್ ನದಿಯ ಮೇಲೆ ಈ ಬಗೆಯ ರಸ್ತೆ ಸೇತುವೆ ಎದ್ದಿತು.

ಎಲ್ಲಿ ಉಕ್ಕು, ಎಷ್ಟು ಉಕ್ಕು

ಈಗ ಒಂದು ಗರ್ಡರಿನ ಒಳಗೆ ಇಣುಕೋಣ. 30 ಮೀಟರ್ ಅಂಕಣದ ಗರ್ಡರು ಸಾಮಾನ್ಯವಾಗಿ ಎರಡು ಮೀಟರಿನಷ್ಟು ಎತ್ತರ, 50ರಿಂದ 60 ಟನ್ ತೂಕ ಇರುತ್ತದೆ. ಇಂಥ ನಾಲ್ಕೈದು ಗರ್ಡರುಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿ ಮೇಲೆ ಸ್ಲ್ಯಾಬ್ ಹಾಕಿದರೆ ರಸ್ತೆ ಆಯಿತು.

ಗರ್ಡರಿನ ಕೇಬಲ್ ಎಂದರೆ ಹಲವು ಸ್ಟ್ರ್ಯಾಂಡುಗಳ ಕಟ್ಟು. ಏಳು ತಂತಿಗಳನ್ನು ಹೊಸೆದ 12.7 ಮಿಲಿಮೀಟರ್ ದಪ್ಪದ ಒಂದು ಸ್ಟ್ರ್ಯಾಂಡ್ ಕಿತ್ತುಹೋಗಬೇಕಾದರೆ 18.7 ಟನ್ ಎಳೆಯಬೇಕು. ಮನೆ ಕಟ್ಟಲು ಬಳಸುವ ಟಿಎಂಟಿ ಸರಳಿಗಿಂತ ಈ ಉಕ್ಕಿನ ಬಲ ಮೂರು ಪಟ್ಟಿಗೂ ಹೆಚ್ಚು. 12 ಸ್ಟ್ರ್ಯಾಂಡುಗಳ ಒಂದು ಕೇಬಲನ್ನು ಅದರ ಬಲದ ಮುಕ್ಕಾಲು ಪಾಲಿನವರೆಗೆ ಬಿಗಿದರೆ 168 ಟನ್. ನಾಲ್ಕು ಕೇಬಲಿದ್ದರೆ 670 ಟನ್ನಿನಷ್ಟಾಯಿತು; ಅದರ ಬಹುಪಾಲು ಒತ್ತಡ ಆ ಗರ್ಡರಿನ ಮೈಮೇಲೆ ಸದಾ ಕೂತಿರುತ್ತದೆ, ಮೇಲೆ ಒಂದು ಸೈಕಲ್ಲೂ ಇಲ್ಲದ ನಡುರಾತ್ರಿಯಲ್ಲೂ.

ಗರ್ಡರಿನೊಳಗಿನ ಕೊಳವೆಯಲ್ಲಿ ಸಾಗುವ ಕೇಬಲ್ ನೆಟ್ಟಗೆ ಹೋಗುವುದಿಲ್ಲ. ತುದಿಗಳಲ್ಲಿ ಎತ್ತರದಲ್ಲಿ ಹೊರಟು ನಡುವಿನಲ್ಲಿ ತಳಕ್ಕೆ ಇಳಿದು ಮತ್ತೆ ಏರುತ್ತದೆ. ಬಾಗುವ ಒತ್ತಡ ಹೆಚ್ಚಿರುವುದು ನಡುವಿನಲ್ಲಿ, ಅಲ್ಲಿ ಕೇಬಲ್ ತಳದಲ್ಲಿರಬೇಕು. ಕಂಬದ ಹತ್ತಿರ ಬಾಗುವಿಕೆ ಕಡಿಮೆ, ಕತ್ತರಿಸುವ ಬಲ ಜಾಸ್ತಿ. ಅಲ್ಲಿ ಓರೆಯಾಗಿ ಏರುವ ಕೇಬಲ್ ಆ ಬಲದ ಒಂದು ಪಾಲನ್ನು ತಾನೇ ಹೊರುತ್ತದೆ. ಉಳಿದದ್ದನ್ನು ಹೊರಲು ನಿಲುವಾಗಿ ಕಟ್ಟುವ ರಿಂಗುಗಳು ಬೇಕು. ನಡುವಿನಲ್ಲಿ ದೂರ ದೂರ, ತುದಿಗೆ ಬಂದಂತೆ ಹತ್ತಿರ ಹತ್ತಿರ. ಅವುಗಳ ತಲೆ ಗರ್ಡರಿನ ಮೇಲೆ ಚಾಚಿಕೊಂಡು, ಆಮೇಲೆ ಹಾಕುವ ಸ್ಲ್ಯಾಬಿನೊಳಗೆ ಸೇರಿ ಎರಡನ್ನೂ ಒಂದೇ ಮೈಯಾಗಿಸುತ್ತದೆ.

ಗರ್ಡರಿನ ಅತಿ ಕಷ್ಟದ ಜಾಗವೆಂದರೆ ಕೇಬಲ್ ಕಚ್ಚಿಕೊಳ್ಳುವ ತುದಿ. 168 ಟನ್ ಬಲ ಒಂದು ಚಿಕ್ಕ ಆಂಕರ್ ಫಲಕದಿಂದ ಕಾಂಕ್ರೀಟಿಗೆ ಇಳಿಯುತ್ತದೆ. ಇಳಿದ ಬಲ ಒಳಗೆ ಹರಡಿಕೊಳ್ಳುವಾಗ ಅಡ್ಡಡ್ಡ ಎಳೆತ ಹುಟ್ಟಿ ತುದಿಯನ್ನು ಸೀಳಲು ನೋಡುತ್ತದೆ. ಅದಕ್ಕಾಗಿ ತುದಿಯನ್ನು ದಪ್ಪ ಮಾಡುತ್ತಾರೆ, ಆಂಕರಿನ ಹಿಂದೆ ಸುರುಳಿ ಸರಳು, ಅದರ ಹಿಂದೆ ಜಾಳಿಗೆಯಂತೆ ಅಡ್ಡ ಸರಳು ಕೂರಿಸುತ್ತಾರೆ. ಇಲ್ಲಿ ಸರಳು ಕಡಿಮೆಯಾದರೆ ಬಿಗಿಯುವ ದಿನವೇ ತುದಿ ಸೀಳುತ್ತದೆ.

ಹಾಗಂತ ಸರಳು ತುರುಕಿದಷ್ಟೂ ಬಲ ಹೆಚ್ಚುತ್ತದೆ ಎಂಬ ನಂಬಿಕೆ ಅಪಾಯಕಾರಿ. ಕಬ್ಬಿಣ ಕಟ್ಟಿದ ತುದಿಯಲ್ಲಿ ಖಡಿ ಇಳಿಯಲು, ವೈಬ್ರೇಟರಿನ ಸೂಜಿ ಹೋಗಲು ಜಾಗವಿರಬೇಕು. ಇಲ್ಲದಿದ್ದರೆ ಆಂಕರಿನ ಹಿಂದೆ ಟೊಳ್ಳು ಉಳಿದು, ಜಾಕ್ ಎಳೆದಾಗ ಫಲಕ ಒಳಕ್ಕೆ ಕುಸಿಯುತ್ತದೆ. ಕೇಬಲ್ ವಿಷಯದಲ್ಲೂ ಇದೇ ಮಾತು. ಸ್ಲ್ಯಾಬಿನ ಭಾರ ಬೀಳುವ ಮೊದಲೇ ಎಲ್ಲ ಕೇಬಲನ್ನೂ ಪೂರ್ತಿ ಬಿಗಿದರೆ ಗರ್ಡರಿನ ಮೇಲ್ಭಾಗ ಸೀಳುವ ಭಯವಿರುತ್ತದೆ. ಹಾಗಾಗಿ ಹಂತ ಹಂತವಾಗಿ ಬಿಗಿಯುವ ಕ್ರಮ ಇದೆ. ಒಳ್ಳೆಯ ವಿನ್ಯಾಸಕಾರ ಸರಳಿನ ನಕ್ಷೆ ಬಿಡಿಸುವಾಗ ಕಬ್ಬಿಣ ಕಟ್ಟುವವರ ಕೈ, ಕಾಂಕ್ರೀಟು ಸುರಿಯುವವರ ಕಣ್ಣು ಎರಡನ್ನೂ ನೆನೆದಿರುತ್ತಾನೆ.

ಎಷ್ಟು ಭಾರಕ್ಕೆ ಈ ಲೆಕ್ಕ? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತುಪಡಿಸಿದ 70ಆರ್ ಎಂಬ ಮಾದರಿ ವಾಹನ ಏಳು ಆ್ಯಕ್ಸಲ್ಲುಗಳ ಮೇಲೆ ಒಟ್ಟು 100 ಟನ್ ತೂಗುತ್ತದೆ. ಅದರ ಜೊತೆಗೆ ಓಡುವ ವಾಹನದ ಕುಲುಕು, ಬ್ರೇಕಿನ ಎಳೆತ, ಬಿಸಿಲು, ಗಾಳಿ, ನೀರಿನ ರಭಸಗಳನ್ನು ಕೂಡಿಸಿ ಗರ್ಡರನ್ನು ರೂಪಿಸುತ್ತಾರೆ. ಕಾಂಕ್ರೀಟ್ ಸೇತುವೆಗಳ ವಿನ್ಯಾಸಕ್ಕೆ ಐಆರ್‌ಸಿ 112 ಎಂಬ ಸಂಹಿತೆ 2011ರಲ್ಲಿ ಬಂತು, 2020ರಲ್ಲಿ ಪರಿಷ್ಕಾರವಾಯಿತು.

ಬಿಗಿಯುವ ದಿನ

ಕಾಸ್ಟಿಂಗ್ ಯಾರ್ಡಿನಲ್ಲಿ ನಿಜವಾದ ಪರೀಕ್ಷೆ ಶುರುವಾಗುವುದು ಪುಟ್ಟ ಕ್ಯೂಬಿನಿಂದ. ಗರ್ಡರಿಗೆ ಸುರಿದ ಕಾಂಕ್ರೀಟನ್ನೇ 15 ಸೆಂಟಿಮೀಟರಿನ ಅಚ್ಚುಗಳಲ್ಲಿ ತುಂಬಿ, ನೀರಿನಲ್ಲಿಟ್ಟು, 7 ಮತ್ತು 28ನೇ ದಿನ ಯಂತ್ರದಲ್ಲಿ ಒಡೆಯುತ್ತಾರೆ. ಎಂ 45 ದರ್ಜೆಯ ಕಾಂಕ್ರೀಟಿನ ಅಷ್ಟು ಚಿಕ್ಕ ಕ್ಯೂಬು 100 ಟನ್ನಿಗೂ ಮೀರಿದ ಭಾರ ತಡೆಯಬೇಕು. ನಿಗದಿತ ಬಲ ಬಂದಿದೆ ಎಂದು ಕ್ಯೂಬು ಹೇಳುವತನಕ ಕೇಬಲ್ ಮುಟ್ಟುವಂತಿಲ್ಲ.

ಬಿಗಿಯುವ ದಿನ ಗರ್ಡರಿನ ತುದಿಗಳಲ್ಲಿ ಹೈಡ್ರಾಲಿಕ್ ಜಾಕ್ ತೊಡಿಸುತ್ತಾರೆ. ಜಾಕಿನ ಹಿಂದೆ ಯಾರೂ ನಿಲ್ಲಕೂಡದು. ಸ್ಟ್ರ್ಯಾಂಡನ್ನು ತುದಿಯಲ್ಲಿ ಹಿಡಿದಿಡುವ ಕಚ್ಚುಪಚ್ಚರ ಜಾರಿದರೆ ಸ್ಟ್ರ್ಯಾಂಡ್ ಗುಂಡಿನಂತೆ ಹಿಂದಕ್ಕೆ ಚಿಮ್ಮುತ್ತದೆ. ಮೊದಲು ಸ್ವಲ್ಪ ಎಳೆದು ಸಡಿಲು ತೆಗೆದು ಸ್ಟ್ರ್ಯಾಂಡಿನ ಮೇಲೆ ಗುರುತು ಹಾಕುತ್ತಾರೆ. ಆಮೇಲೆ ಹಂತ ಹಂತವಾಗಿ ಒತ್ತಡ ಏರಿಸುತ್ತ ಎರಡು ಅಳತೆ ಬರೆಯುತ್ತಾರೆ: ಜಾಕಿನ ಗೇಜಿನಲ್ಲಿ ಒತ್ತಡ, ಅಳತೆಪಟ್ಟಿಯಲ್ಲಿ ಹಿಗ್ಗು. ಲೆಕ್ಕದ ಪ್ರಕಾರ ಕೇಬಲ್ 200 ಮಿಲಿಮೀಟರ್ ಹಿಗ್ಗಬೇಕಿದ್ದರೆ 190ರಿಂದ 210ರ ಒಳಗೆ ಇದ್ದರೆ ಸರಿ. ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು.

ಈ ಎರಡು ಅಂಕಿ ಒಂದನ್ನೊಂದು ಪರೀಕ್ಷಿಸುತ್ತವೆ ಎಂಬುದರಲ್ಲೇ ಈ ವಿದ್ಯೆಯ ಸೊಗಸಿದೆ. ಒತ್ತಡ ಪೂರ್ತಿ ಬಂದು ಹಿಗ್ಗು ಕಡಿಮೆಯಾದರೆ, ಕೇಬಲಿನ ಕೊಳವೆಯೊಳಗೆ ಸಿಮೆಂಟ್ ಹಾಲು ಸೇರಿ ಕಚ್ಚಿಕೊಂಡಿರಬಹುದು, ಬಲ ನಡುವಿನವರೆಗೆ ತಲುಪುತ್ತಿಲ್ಲ. ಹಿಗ್ಗು ಹೆಚ್ಚಾದರೆ ಎಲ್ಲೋ ತಂತಿ ಜಾರಿದೆ ಅಥವಾ ಕಿತ್ತಿದೆ. ಎರಡೂ ಸರಿಯಿದ್ದಾಗ ಗರ್ಡರಿನ ನಡು ತಾನಾಗಿ ಮೇಲಕ್ಕೇಳುತ್ತದೆ. 50 ಟನ್ನಿನ ಕಾಂಕ್ರೀಟು ಅಚ್ಚಿನ ತಳ ಬಿಟ್ಟು ಬೆರಳಗಲ ಏಳುವುದನ್ನು ಕಂಡವರಿಗೆ, ಒಳಗೆ ಏನು ನಡೆದಿದೆ ಎಂಬುದನ್ನು ಬೇರೆ ವಿವರಿಸಬೇಕಿಲ್ಲ.

ಆ ಅಳತೆಗಳನ್ನು ಬರೆದ ಹಾಳೆಯೇ ಗರ್ಡರಿನ ಜಾತಕ. ಮೇಲೆ ಸ್ಲ್ಯಾಬ್ ಬಿದ್ದು, ಡಾಂಬರು ಬಿದ್ದು, ಬಣ್ಣ ಬಳಿದ ಮೇಲೆ ಯಾವ ಕೇಬಲಿನಲ್ಲಿ ಎಷ್ಟು ಬಿಗಿತವಿತ್ತು ಎಂದು ಹೇಳುವುದು ಅದೊಂದೇ.

ಡೋಣಿಯ ಉಪ್ಪು, ಕೊಳವೆಯ ಟೊಳ್ಳು

ಬಿಗಿದ ಉಕ್ಕಿಗೆ ದೊಡ್ಡ ಶತ್ರು ತುಕ್ಕು. ಸಾಮಾನ್ಯ ಸರಳಿಗೆ ತುಕ್ಕು ಹಿಡಿದರೆ ಅದು ಉಬ್ಬಿ, ಕಾಂಕ್ರೀಟು ಬಿರಿದು, ಕೆಂಪು ಕಲೆ ಮೂಡಿ ವರ್ಷಗಳ ಮೊದಲೇ ಎಚ್ಚರಿಸುತ್ತದೆ. ಸದಾ ಎಳೆತದಲ್ಲಿರುವ ತೆಳು ತಂತಿಗೆ ಅಷ್ಟು ಪುರುಸೊತ್ತಿಲ್ಲ. ಒಂದು ಕಡೆ ಸಣ್ಣ ಗುಳಿ ಬಿದ್ದರೂ ಕಿತ್ತುಹೋಗಬಹುದು, ಹೊರಗೆ ಸುಳಿವೂ ಸಿಗದೆ.

ತುಕ್ಕಿನ ಮೊದಲ ದಾರಿ ಉಪ್ಪು. ಡೋಣಿಯ ನೀರಿಗೆ ಸವಳು ಎಂಬ ಹೆಸರು ಹಿಂದಿನಿಂದಲೂ ಇದೆ. ಎರೆ ಭೂಮಿಯ ಎಷ್ಟೋ ಬೋರುಗಳ ನೀರೂ ಸವಳೇ. ಕಾಂಕ್ರೀಟು ಕಲಸಲು ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಸರಳು ಹಾಕಿದ ಕಾಂಕ್ರೀಟಿಗೆ ಭಾರತೀಯ ಮಾನಕ 456 ಹೇಳುತ್ತದೆ. ಬಿಗಿದ ಉಕ್ಕಿನ ವಿಷಯದಲ್ಲಂತೂ ಇನ್ನೂ ಕಟ್ಟುನಿಟ್ಟು ಬೇಕು. ಹತ್ತಿರ ಸಿಕ್ಕ ಹಳ್ಳದ ನೀರನ್ನೋ ಬೋರಿನ ನೀರನ್ನೋ ಟ್ಯಾಂಕರಿಗೆ ತುಂಬುವ ಮೊದಲು ಪ್ರಯೋಗಾಲಯದ ವರದಿ ಕೈಯಲ್ಲಿರಬೇಕು. ಉಸುಕಿನ ಮಾತೂ ಹಾಗೆಯೇ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾಂಕ್ರೀಟನ್ನು ತಂಪು ಹೊತ್ತಿನಲ್ಲಿ ಹಾಕದಿದ್ದರೆ, ಗೋಣಿ ತಾಟು ಹೊದಿಸಿ ಬಿಡದೆ ನೀರುಣಿಸದಿದ್ದರೆ ಮೈಮೇಲೆ ಸಣ್ಣ ಸೀಳುಗಳು ಮೂಡಿ ಉಪ್ಪಿಗೂ ತೇವಕ್ಕೂ ದಾರಿ ಬಿಡುತ್ತವೆ. ಕೇಬಲ್ ಕೊಳವೆಯ ಮೇಲೆ ಕನಿಷ್ಠ 75 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ.

ಎರಡನೆಯ ದಾರಿ ಕೊಳವೆಯೊಳಗಿನ ಟೊಳ್ಳು. ಕೇಬಲ್ ಬಿಗಿದ ಮೇಲೆ ಕೊಳವೆಗೆ ಸಿಮೆಂಟಿನ ತೆಳು ಗ್ರೌಟನ್ನು ಒತ್ತಡದಿಂದ ತುಂಬುತ್ತಾರೆ. ಅದು ಉಕ್ಕಿಗೆ ಕವಚವೂ ಹೌದು, ಉಕ್ಕನ್ನು ಕಾಂಕ್ರೀಟಿಗೆ ಅಂಟಿಸುವ ಬೆಸುಗೆಯೂ ಹೌದು. ಬಿಗಿದ ಎರಡು ವಾರದೊಳಗೆ ಈ ಕೆಲಸ ಮುಗಿಯಬೇಕು. ಗ್ರೌಟಿಗೆ ನೀರು ಹೆಚ್ಚಾದರೆ ಸಿಮೆಂಟು ತಳಕ್ಕೆ ಇಳಿದು ನೀರು ಮೇಲೇರಿ, ಕೇಬಲ್ ಎತ್ತರದಲ್ಲಿರುವ ತುದಿಗಳಲ್ಲಿ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ತೇವ ಸೇರಿದರೆ ಕವಚವಿಲ್ಲದ ಉಕ್ಕು ಒಳಗೊಳಗೇ ಸವೆಯುತ್ತದೆ. ಒಂದು ತುದಿಯಿಂದ ತುಂಬಿದ ಗ್ರೌಟು ಇನ್ನೊಂದು ತುದಿಯಲ್ಲಿ ಗಾಳಿಗುಳ್ಳೆಯಿಲ್ಲದೆ, ಅದೇ ಮಂದವಾಗಿ ಹೊರಬರುವತನಕ ಬಿಡಬಾರದು. ಸಂಜೆಯಾಯಿತೆಂದು ಅವಸರ ಮಾಡುವ ಹತ್ತು ನಿಮಿಷ ಸೇತುವೆಯ ಆಯುಷ್ಯದಿಂದ ದಶಕಗಳನ್ನೇ ಕಿತ್ತುಕೊಳ್ಳಬಲ್ಲದು.

ಭಾರ ಹೊರಿಸಿ ನೋಡುವುದು

ಕಟ್ಟಿ ಮುಗಿದ ಸೇತುವೆಯನ್ನು ಪರೀಕ್ಷಿಸುವ ಕ್ರಮವನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 51 ಎಂಬ ಮಾರ್ಗಸೂಚಿ ವಿವರಿಸುತ್ತದೆ. ಅಂಕಣದ ಕೆಳಗೆ ಮಿಲಿಮೀಟರಿನ ನೂರನೇ ಭಾಗ ಓದಬಲ್ಲ ಡಯಲ್ ಗೇಜುಗಳನ್ನು ಕೂರಿಸುತ್ತಾರೆ. ಭಾರ ಹೊರಿಸುವ ಮೊದಲೇ ಇಡೀ ಒಂದು ದಿನ ಗಂಟೆಗಂಟೆಗೂ ಉಷ್ಣತೆ ಮತ್ತು ಬಾಗುವಿಕೆ ಬರೆದಿಡುತ್ತಾರೆ. ಯಾಕೆಂದರೆ ನಮ್ಮ ಏಪ್ರಿಲ್ ಬಿಸಿಲಿಗೆ ರಸ್ತೆಯ ಮೈ ಕಾದು ತಳ ತಂಪಾಗಿಯೇ ಉಳಿದರೆ, ಒಂದು ವಾಹನವೂ ಇಲ್ಲದೆ ಗರ್ಡರು ಮೇಲಕ್ಕೆ ಬಾಗುತ್ತದೆ. ಬಿಸಿಲಿನ ಆಟವನ್ನು ಕಳೆದರಷ್ಟೇ ಭಾರದ ಪರಿಣಾಮ ತಿಳಿಯುತ್ತದೆ.

ಆಮೇಲೆ ತೂಕ ಮಾಡಿದ ಲಾರಿಗಳನ್ನೋ ಕಾಂಕ್ರೀಟ್ ಬ್ಲಾಕುಗಳನ್ನೋ ಕಾಲುಭಾಗ, ಅರ್ಧ, ಮುಕ್ಕಾಲು, ಪೂರ್ತಿ ಎಂದು ಹಂತ ಹಂತವಾಗಿ ಏರಿಸುತ್ತಾರೆ. ಪ್ರತಿ ಹಂತದಲ್ಲೂ ಬಾಗುವಿಕೆ ನೋಡುತ್ತಾರೆ, ಬಿರುಕು ಹುಡುಕುತ್ತಾರೆ. ಪೂರ್ತಿ ಭಾರ 24 ಗಂಟೆ ಹಾಗೇ ಇರುತ್ತದೆ. ನಂತರ ಇಳಿಸಿ ಮತ್ತೆ 24 ಗಂಟೆ ಕಾಯುತ್ತಾರೆ. ಪರೀಕ್ಷೆಯ ತಿರುಳು ಇರುವುದು ಈ ಕಾಯುವಿಕೆಯಲ್ಲಿ. ಎಷ್ಟು ಬಾಗಿತು ಎನ್ನುವುದಕ್ಕಿಂತ, ಬಾಗಿದ್ದು ಎಷ್ಟು ಮರಳಿ ಬಂತು ಎನ್ನುವುದು ಮುಖ್ಯ. ಆರ್‌ಸಿಸಿ ಸೇತುವೆಯಾದರೆ ಬಾಗಿದ್ದರಲ್ಲಿ ಶೇ 75 ಮರಳಿದರೆ ಸಾಕು. ಪ್ರಿಸ್ಟ್ರೆಸ್ಡ್ ಸೇತುವೆಗೆ ಶೇ 85 ಬೇಕು. ಅಂದರೆ ಗರ್ಡರು 12 ಮಿಲಿಮೀಟರ್ ಬಾಗಿದ್ದರೆ ಮರುದಿನಕ್ಕೆ ಕನಿಷ್ಠ 10.2 ಮಿಲಿಮೀಟರ್ ಮೇಲಕ್ಕೆ ಬಂದಿರಬೇಕು. ಬರದಿದ್ದರೆ ಒಳಗೆ ಎಲ್ಲೋ ಬಿಗಿತ ಸಡಿಲಾಗಿದೆಯೇ ಎಂದು ಅನುಮಾನಿಸಬೇಕು.

ಭೀಮೆಯಲ್ಲಾದರೆ ಗೇಜು ಕೂರಿಸಲು ಬೇಸಿಗೆಯಲ್ಲಿ ನದಿಪಾತ್ರಕ್ಕೆ ಇಳಿದು ಕೆಳಗೆ ಅಟ್ಟ ಕಟ್ಟಬಹುದು. ಆಲಮಟ್ಟಿ ಹಿನ್ನೀರಿನಲ್ಲಿ ಅದಕ್ಕೆ ನೆಲೆಯಿಲ್ಲ. ಅಲ್ಲಿ ಮೇಲಿನಿಂದಲೇ ಸೂಕ್ಷ್ಮ ಲೆವೆಲ್ ಉಪಕರಣಗಳಿಂದ ಅಳೆಯಬೇಕು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇರುವಾಗ ಹಿನ್ನೀರಿನ ಮೇಲಿನ ಪ್ರತಿ ಸೇತುವೆಯ ತಳ, ಗರ್ಡರು ಕೂರುವ ಬೇರಿಂಗು, ಕಂಬಗಳನ್ನು ಆ ಮಟ್ಟಕ್ಕೆ ಹೊಂದಿಸಿ ಈಗಲೇ ಪರಿಶೀಲಿಸುವುದು ವಿವೇಕ.

ಹಳೆಯ ಸೇತುವೆಗಳಿಗೆ ಒಡೆಯದೆ ನೋಡುವ ಪರೀಕ್ಷೆಗಳಿವೆ. ಕಾಂಕ್ರೀಟಿನ ಮೂಲಕ ಅಲ್ಟ್ರಾಸಾನಿಕ್ ಅಲೆ ಸೆಕೆಂಡಿಗೆ 4.5 ಕಿಲೋಮೀಟರಿಗಿಂತ ವೇಗವಾಗಿ ಹಾದರೆ ಕಾಂಕ್ರೀಟು ಗಟ್ಟಿಯಾಗಿದೆ ಎಂದರ್ಥ. ನಿಧಾನವಾದರೆ ಟೊಳ್ಳು, ಬಿರುಕುಗಳ ಶಂಕೆ. ಉಕ್ಕಿನ ವಿದ್ಯುತ್ ವಿಭವ ಅಳೆದು ತುಕ್ಕು ನಡೆಯುತ್ತಿದೆಯೇ ಎಂದು ಅಂದಾಜು ಮಾಡಬಹುದು. ಕೊಳವೆಗೆ ಸಣ್ಣ ರಂಧ್ರ ಕೊರೆದು ಎಂಡೋಸ್ಕೋಪ್ ಇಳಿಸಿ ಗ್ರೌಟು ತುಂಬಿದೆಯೇ ಎಂದು ಕಣ್ಣಾರೆ ನೋಡಬಹುದು. ಉಪಕರಣಗಳು ದುಬಾರಿಯೇನಲ್ಲ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇವನ್ನು ಪಾಠವಾಗಿ ಓದಿಸುತ್ತಾರೆ. ಅವನ್ನು ಹೊತ್ತು ಸೇತುವೆಯ ಕೆಳಗೆ ಇಳಿಯುವ ರೂಢಿ ಬೆಳೆಯಬೇಕು.

ಬಿದ್ದ ಸೇತುವೆಗಳ ಪಾಠ

1949ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಾಲ್ನಟ್ ಲೇನ್ ಸೇತುವೆ ಕಟ್ಟುವಾಗ ಪ್ರಿಸ್ಟ್ರೆಸ್ಡ್ ಕಾಂಕ್ರೀಟು ಅಲ್ಲಿನವರಿಗೆ ಹೊಸದು. ಜನರಿಗೆ ನಂಬಿಕೆ ಬರಲೆಂದು ಸುಮಾರು 49 ಮೀಟರ್ ಉದ್ದದ ಪೂರ್ಣ ಗಾತ್ರದ ತೊಲೆಯೊಂದನ್ನು ಮಾಡಿ, ನೂರಾರು ಎಂಜಿನಿಯರುಗಳ ಎದುರು ಮುರಿಯುವವರೆಗೂ ಭಾರ ಹೊರಿಸಿದರು. ಎಲ್ಲರೂ ಕಂಡ ಮೇಲೆಯೇ ಸೇತುವೆ ಎದ್ದಿತು. ಪರೀಕ್ಷೆಯನ್ನು ಬಯಲಿನಲ್ಲಿ ಮಾಡಿ ಜನರ ಮುಂದಿಡುವುದು ಹೀಗೆ. ಆ ಸೇತುವೆಯ ತೊಲೆಗಳೂ ನಾಲ್ಕು ದಶಕಗಳಲ್ಲಿ ಹಾಳಾಗಿ ಬದಲಾಗಬೇಕಾಯಿತು. ಒಮ್ಮೆ ಗೆದ್ದ ಪರೀಕ್ಷೆ ಸದಾಕಾಲಕ್ಕೆ ಸಾಲದು.

1985ರ ಡಿಸೆಂಬರಿನಲ್ಲಿ ವೇಲ್ಸಿನ ಇನಿಸ್-ಅ-ಗ್ವಾಸ್ ಎಂಬಲ್ಲಿ ಸೇತುವೆಯೊಂದು ಯಾವ ಮುನ್ಸೂಚನೆಯೂ ಇಲ್ಲದೆ ಕುಸಿಯಿತು. ಒಳಗಿನ ಕೇಬಲ್‌ಗಳು ತುಕ್ಕು ತಿಂದಿದ್ದವು. ಆಮೇಲೆ ಬ್ರಿಟನ್ ಗ್ರೌಟು ತುಂಬುವ ಇಂಥ ಸೇತುವೆಗಳನ್ನು ಹೊಸದಾಗಿ ಕಟ್ಟುವುದನ್ನೇ 1992ರಿಂದ ಕೆಲವು ವರ್ಷ ತಡೆಹಿಡಿದು, ಗ್ರೌಟಿಂಗ್ ನಿಯಮಗಳನ್ನು ತಿದ್ದಿತು. 1986ರ ಜುಲೈ 5ರಂದು ಪಣಜಿಯಲ್ಲಿ ಮಾಂಡೋವಿ ನದಿಯ ಸೇತುವೆ ಬಿತ್ತು. ಕಟ್ಟಿ ಎರಡು ದಶಕವೂ ಆಗಿರಲಿಲ್ಲ. ಅಲ್ಲೂ ಬಿಗಿದ ಉಕ್ಕಿಗೆ ತುಕ್ಕು ಹಿಡಿದಿತ್ತು. ದುಡಿಮೆಗಾಗಿ ಗೋವೆಗೆ ಹೋಗುವ ಸಾವಿರಾರು ಕುಟುಂಬಗಳು ನಮ್ಮ ತಾಲ್ಲೂಕುಗಳಲ್ಲಿವೆ. ಅವರ ದಾರಿಯ ಸೇತುವೆಗಳ ಕತೆ ನಮಗೂ ಸೇರಿದ್ದು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಸುಮಾರು 40 ವರ್ಷ ಹಳೆಯ ಸೇತುವೆ ಕುಸಿದು, ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಬದುಕಿಸಿಕೊಂಡದ್ದೇ ಪುಣ್ಯ.

ಇವುಗಳ ಪಕ್ಕದಲ್ಲಿ ಪೀಣ್ಯವನ್ನು ಇಟ್ಟು ನೋಡಬೇಕು. ಅಲ್ಲಿ ಕೇಬಲ್ ಕೆಟ್ಟದ್ದು ಬೀಳುವ ಮೊದಲೇ ತಿಳಿಯಿತು, ಸಂಚಾರ ನಿಂತಿತು, ಹೊಸ ಕೇಬಲ್ ಬಂತು, ಪರೀಕ್ಷೆ ನಡೆಯಿತು. ಪ್ರಯಾಣಿಕರು ಎರಡೂವರೆ ವರ್ಷ ಗೊಣಗಿದರು, ಆದರೆ ಯಾರೂ ಸಾಯಲಿಲ್ಲ. ಪರೀಕ್ಷೆಯ ಲಾಭ ಇಷ್ಟು ನೇರ.

ಊರು ಕೇಳಬೇಕಾದ ಕಾಗದ

ರಾಷ್ಟ್ರೀಯ ಹೆದ್ದಾರಿಗಳ ಸೇತುವೆಗಳಿಗಾಗಿ ಕೇಂದ್ರ ಸರ್ಕಾರ 2016ರಲ್ಲಿ ಸೇತುವೆ ನಿರ್ವಹಣಾ ವ್ಯವಸ್ಥೆಯೊಂದನ್ನು ತಂದು, ಒಂದೊಂದಕ್ಕೂ ಗುರುತಿನ ಸಂಖ್ಯೆ ಕೊಟ್ಟಿತು. ಅದು ಒಳ್ಳೆಯ ಆರಂಭ. ಆದರೆ ಕಬ್ಬಿನ ಟ್ರ್ಯಾಕ್ಟರು, ಶಾಲೆಯ ಬಸ್ಸು, ನಿಂಬೆಹಣ್ಣಿನ ಟೆಂಪೊ ಹೆಚ್ಚಾಗಿ ಓಡಾಡುವುದು ಜಿಲ್ಲಾ ರಸ್ತೆಗಳ ಮೇಲೆ, ಹಳ್ಳದ ಸೇತುವೆಗಳ ಮೇಲೆ, ಬ್ಯಾರೇಜುಗಳ ಮೇಲೆ. ಅವುಗಳಿಗೂ ಇಂಥದೇ ಲೆಕ್ಕ ಬೇಕು. ಪ್ರತಿ ಮಹಾಪೂರ ಇಳಿದ ಮೇಲೆ ಕಂಬದ ಬುಡದ ಮಣ್ಣು ಕೊರೆದಿದೆಯೇ, ಬೇರಿಂಗ್ ಸರಿದಿದೆಯೇ ಎಂದು ನೋಡಿಯೇ ವಾಹನ ಬಿಡಬೇಕು. ಸೇತುವೆಯ ಆಸುಪಾಸಿನಲ್ಲಿ ಉಸುಕು ತೆಗೆಯುವವರನ್ನು ತಡೆಯುವುದು ಎಂಜಿನಿಯರ್ ಒಬ್ಬರ ಕೈಯಲ್ಲಿಲ್ಲ, ಊರು ಕೈಜೋಡಿಸಬೇಕು.

ಸೇತುವೆ ಬೇಕೆಂದು ಧರಣಿ ಕೂರುವುದು ನಮಗೆ ಗೊತ್ತು. ಸೇತುವೆ ಬಂದ ದಿನ ಹಾರ ಹಾಕಿ ಪೇಡೆ ಹಂಚುವುದೂ ಗೊತ್ತು. ಇನ್ನು ಮುಂದೆ ಅದರ ಜೊತೆಗೆ ನಾಲ್ಕು ಕಾಗದ ಕೇಳುವುದನ್ನೂ ರೂಢಿಸಿಕೊಳ್ಳೋಣ: ಕ್ಯೂಬ್ ಪರೀಕ್ಷೆಯ ವರದಿ, ಕೇಬಲ್ ಬಿಗಿದ ದಾಖಲೆ, ಗ್ರೌಟ್ ತುಂಬಿದ ದಾಖಲೆ, ಭಾರ ಪರೀಕ್ಷೆಯ ವರದಿ. ಗ್ರಾಮ ಪಂಚಾಯಿತಿಯ ಸದಸ್ಯರಾಗಲಿ, ಕಾಲೇಜಿನ ಹುಡುಗರಾಗಲಿ, ಮಾಹಿತಿ ಹಕ್ಕಿನ ಒಂದು ಅರ್ಜಿಯಿಂದ ಇವನ್ನು ಕೇಳಬಹುದು. ಉದ್ಘಾಟನೆಯ ಕಲ್ಲಿನಲ್ಲಿ ಗಣ್ಯರ ಹೆಸರಿನ ಕೆಳಗೆ ಎರಡು ಸಾಲು ಸೇರಲಿ: ಭಾರ ಪರೀಕ್ಷೆ ನಡೆದ ದಿನಾಂಕ, ಮುಂದಿನ ತಪಾಸಣೆಯ ದಿನಾಂಕ. ಲೋಕೋಪಯೋಗಿ ಇಲಾಖೆ ಇಷ್ಟನ್ನು ಕಡ್ಡಾಯ ಮಾಡಲಿ. ದಾಖಲೆ ಇಲ್ಲದ ಸೇತುವೆಯನ್ನು ಪರೀಕ್ಷೆಯಾಗದ ಸೇತುವೆ ಎಂದೇ ಎಣಿಸಬೇಕು.